ಉಸುಕಿನಕೋಡಿಗೆ ಬಂಬ ಬಂದದ್ದು

ಬೆಂಕಿಯ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ಸಿಗುತ್ತಿದ್ದ ಜಾಗ ನಾಲ್ಕು ಸಾಲು. ಊರಿನ ಹೆಸರು, ಸುಟ್ಟದ್ದೇನು, ಅಂದಾಜು ಹಾನಿ, ಕೊನೆಗೆ ‘ಕಾರಣ ತಿಳಿದುಬಂದಿಲ್ಲ’. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಚಿಕ್ಕೋಡಿಯ ವರದಿಗಾರನಾಗಿ ಸೇರಿದಾಗ ನಾನೂ ಹಾಗೆಯೇ ಬರೆದು, ಲಕೋಟೆಯ ಬಾಯಿ ಅಂಟಿಸಿ, ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇಷ್ಟೂ ನನ್ನ ಸೀಮೆ. ಕಂಡಕ್ಟರ್ ಮರೆಯದಿದ್ದರೆ ಸುದ್ದಿ ಮರುದಿನ ಅಚ್ಚಾಗುತ್ತಿತ್ತು. ಮರೆತರೆ ಲಕೋಟೆ ಹುಬ್ಬಳ್ಳಿಯವರೆಗೂ ಹೋಗಿ ಬರುತ್ತಿತ್ತು.

ಬೆಂಕಿಯ ಸುದ್ದಿಯನ್ನು ಹೇಗೆ ನೋಡಬೇಕೆಂದು ಕಲಿಸಿದವರು ನಮ್ಮ ಡೆಸ್ಕಿನ ಮುಖ್ಯಸ್ಥ ದೇಸಾಯಿಯವರು. ಎತ್ತರದ, ಸದಾ ಎಲೆ ಅಡಿಕೆ ಹಾಕುತ್ತಿದ್ದ ಮನುಷ್ಯ. ಹೊಗಳಿದ್ದು ನನಗೆ ನೆನಪಿಲ್ಲ. ಒಮ್ಮೆ ಕಚೇರಿಗೆ ಹೋದಾಗ ನನ್ನ ನಾಲ್ಕು ಸಾಲನ್ನು ಮೇಜಿನ ಮೇಲಿಟ್ಟು ಕೇಳಿದರು.

“ಇದರಾಗ ಸುದ್ದಿ ಎಲ್ಲೈತಿ?”

“ಬಣಿವಿ ಸುಟ್ಟೈತ್ರಿ ಸರ್.”

“ಬಣಿವಿ ಸುಟ್ಟಿದ್ದು ಆ ಊರಾಗಿನ ನಾಯಿಗೂ ಗೊತ್ತೈತಿ. ಬಂಬ ಎಲ್ಲಿಂದ ಬಂತು, ಯಾವ ದಾರೀಲೆ ಬಂತು, ಬರೂಕಿಂತ ಮೊದಲ ಮಂದಿ ಏನ ಮಾಡಿದ್ರು, ಅದನ್ನ ಕೇಳ್ಕೊಂಡ ಬಾ. ಅದು ಸುದ್ದಿ.”

ಬಂಬ ಎಂದರೆ ಅಗ್ನಿಶಾಮಕ ವಾಹನ. ನಮ್ಮ ಗಡಿಸೀಮೆಯಲ್ಲಿ ಮರಾಠಿಯಿಂದ ಬಂದ ಈ ಹೆಸರೇ ಎಲ್ಲರ ಬಾಯಲ್ಲಿತ್ತು. ಸರಕಾರಿ ಹೆಸರು ಫಲಕದ ಮೇಲೆ ಮಾತ್ರ.

ಈಗ ಈ ಕೆಲಸಕ್ಕೆ ಬರುವವರಲ್ಲಿ ಕೆಲವರು ಆಗಾಗ ನನ್ನಲ್ಲಿಗೆ ಬಂದು ಹಳೆಯ ಕಾಲದ ವರದಿಗಾರಿಕೆ ಹೇಗಿತ್ತು ಎಂದು ಕೇಳುತ್ತಾರೆ. ಚುನಾವಣೆ, ಗಡಿ ಗಲಾಟೆ, ಮಂತ್ರಿಗಳ ಪ್ರವಾಸದ ಕಥೆಗಳನ್ನು ನಿರೀಕ್ಷಿಸಿ ಬಂದಿರುತ್ತಾರೆ. ನಾನು ಬಂಬದ ಕಥೆ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಕೆಲಸದಲ್ಲಿ ನನ್ನನ್ನು ಬಿಡದೆ ಹಿಡಿದದ್ದು ಅದೊಂದೇ.

ಮೊದಲ ದೊಡ್ಡ ಬೆಂಕಿ ಕಂಡದ್ದು ನಿಪ್ಪಾಣಿಯಲ್ಲಿ. ತಂಬಾಕಿನ ವಖಾರವೊಂದು, ಅಂದರೆ ಗೋದಾಮು, ಹೊತ್ತಿಕೊಂಡಿತ್ತು. ತಂಬಾಕು ಜ್ವಾಲೆ ಎಬ್ಬಿಸಿ ಉರಿಯುವುದಿಲ್ಲ, ಒಳಗೊಳಗೇ ಕೆಂಡವಾಗಿ ಹೊಗೆ ಬಿಡುತ್ತದೆ. ಪೇಟೆಯ ಮಂದಿಯೆಲ್ಲ ಬಾಯಿಗೆ ಸೆರಗು, ಟವೆಲ್ಲು ಕಟ್ಟಿಕೊಂಡು ಕೆಮ್ಮುತ್ತಿದ್ದರು. ಬಂಬದವರು ಪೈಪು ಹಿಡಿದು ಒಳಗೆ ನುಗ್ಗುತ್ತಿದ್ದರು, ಕಣ್ಣು ಕೆಂಪಾಗಿ ಹೊರಗೆ ಬಂದು ಕೂರುತ್ತಿದ್ದರು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದಿ ಹಮಾಲ ಜೋರಾಗಿ ಹೇಳಿದ: “ಜಲ್ಮದಾಗ ಒಂದ ಬೀಡಿ ಕೊಡಲಿಲ್ಲ ನಮ್ಮ ಸಾವ್ಕಾರ. ಇವತ್ತ ನೋಡ್ರಿ, ಇಡೀ ಪ್ಯಾಟಿಗೆ ಪುಕ್ಕಟ ಸೇದಿಸಾಕತ್ತಾನ.” ಕೆಮ್ಮುತ್ತಿದ್ದವರೆಲ್ಲ ನಕ್ಕು ಮತ್ತಷ್ಟು ಕೆಮ್ಮಿದರು. ಆ ವಖಾರದಲ್ಲಿ ದುಡಿಯುತ್ತಿದ್ದ ಹೆಂಗಸರು ಮಾತ್ರ ನಗಲಿಲ್ಲ. ನಾಳೆಯಿಂದ ಕೆಲಸವಿಲ್ಲವೆಂಬುದು ಅವರಿಗೆ ಗೊತ್ತಿತ್ತು. ದೇಸಾಯಿಯವರು ಹಮಾಲನ ಮಾತನ್ನು ಹೊಡೆದುಹಾಕಿ ಹೆಂಗಸರ ಸಾಲನ್ನು ಉಳಿಸಿಕೊಂಡರು.

ಹಳ್ಳಿಯ ಬೆಂಕಿಯ ರೀತಿ ಬೇರೆ. ಕಬ್ಬಿನ ಸೀಮೆಯಲ್ಲಿ ಹಂಗಾಮು ಶುರುವಾದರೆ ಹೊಗೆ ಎನ್ನುವುದು ದಿನದ ಮಾತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ರವದಿ ಎನ್ನುತ್ತಾರೆ, ಅದಕ್ಕೆ ರೈತರೇ ಬೆಂಕಿ ಇಡುತ್ತಾರೆ. ಹೊಸದರಲ್ಲಿ ನಾನು ಇಂಥ ಹೊಗೆ ಕಂಡು ಬಸ್ಸಿನಿಂದ ಇಳಿದು, ಕೆಸರು ದಾಟಿ ಓಡಿದ್ದೂ ಉಂಟು. ಹೊಲದ ಒಡೆಯ ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದ. “ಪೇಪರ್‌ನವ್ರಾ? ಬರ್ರಿ ಬರ್ರಿ. ರವದಿ ಸುಡಾಕತ್ತೇನಿ, ಪೋಟೋ ಹೊಡೀತೀರೇನ? ತಡೀರಿ, ಪಟಕಾ ಸುತ್ಕೋತೇನಿ.”

ಆ ಕಾಲಕ್ಕೆ ಠಾಣೆಗಳ ಹದ್ದು ತಾಲೂಕಿನ ಹದ್ದೇ ಆಗಿತ್ತು. ಯಾವ ತಾಲೂಕಿನಲ್ಲಿ ಬೆಂಕಿ ಹತ್ತಿದೆಯೋ ಆ ತಾಲೂಕಿಗೆ ಗೊತ್ತುಮಾಡಿದ ಠಾಣೆಯಿಂದಲೇ ಬಂಬ ಹೊರಡಬೇಕು. ಪಕ್ಕದ ತಾಲೂಕಿನ ಬಂಬ ಕಣ್ಣೆದುರಿಗೆ ನಿಂತಿದ್ದರೂ ಮೇಲಿನಿಂದ ಅಪ್ಪಣೆಯಿಲ್ಲದೆ ಅಲುಗುವಂತಿಲ್ಲ. ಹಾರೂಗೇರಿಯ ಹತ್ತಿರದ ತೋಟವೊಂದಕ್ಕೆ ಬಂಬ ಬರುವಷ್ಟರಲ್ಲಿ ಬಣಿವೆ ಬೂದಿಯಾಗಿ, ಬೂದಿಯೂ ಆರಿತ್ತು. ಮನೆಯ ಅಜ್ಜಿ ಬೈಯಲಿಲ್ಲ. ಬಂಬದ ಸುತ್ತ ಒಂದು ಸುತ್ತು ಬಂದು, ಚಾಲಕನನ್ನು ಕೇಳಿದಳು: “ನೀರ ತುಂಬೇತೇನಪಾ?” “ತುಂಬೇತ್ರಿ ಆಯಿ.” “ಹಂಗಾರ ನಮ್ಮ ಬಚ್ಚಲ ಹಂಡೆಕ್ಕರೆ ಹಾಕಿ ಹೋಗ್ರಿ. ಇಷ್ಟ ದೂರ ಹೊತ್ಕೊಂಡ ಬಂದೀರಿ, ತಿರುಗಿ ಯಾಕ ಹೊತ್ತೀರಿ?” ಅವರು ಹಾಕಿಯೇ ಹೋದರು. ಆ ಸುದ್ದಿ ಪತ್ರಿಕೆಯಲ್ಲಿ ಸುತ್ತ ಗೆರೆಯ ಪೆಟ್ಟಿಗೆ ಕಟ್ಟಿ ಬಂತು. ಮರುವಾರ ಇಲಾಖೆಯ ಯಾರೋ ನನ್ನನ್ನು ಕಂಡು ಮುಖ ತಿರುಗಿಸಿಕೊಂಡರು.

ಉಸುಕಿನಕೋಡಿಯನ್ನು ನಾನು ಮೊದಲ ಸಲ ಕಂಡದ್ದು ಇದಾದ ಮರುವರ್ಷ. ಕೋಡಿ ಎಂದರೆ ಊರ ಹೊರಗೆ ಹೊಲದಲ್ಲೇ ಮನೆ ಕಟ್ಟಿಕೊಂಡವರ ವಸತಿ. ಇದು ಕೃಷ್ಣೆಯ ದಂಡೆಯಲ್ಲಿತ್ತು. ಕಾಗದದಲ್ಲಿ ಚಿಕ್ಕೋಡಿ ತಾಲೂಕಿಗೆ ಸೇರಿದ್ದು, ದಾರಿಯೆಲ್ಲ ಶಿರಗುಪ್ಪಿ, ಕಾಗವಾಡದ ಕಡೆಗೆ. ನಡುವೆ ಹೊಳೆ. ಹೊಳೆಯಾಚೆಯಿಂದ ಬಂಬ ಬರಬೇಕೆಂದರೆ ದೂರದ ಸೇತುವೆಗೆ ಸುತ್ತು ಹಾಕಬೇಕು.

ಅಲ್ಲಿಯ ಅಣ್ಣಪ್ಪ ಖೋತ ಎಂಬ ಸಣ್ಣ ರೈತನ ದನದ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ನಾನು ಹೋದಾಗ ಎಮ್ಮೆಗಳು ಸತ್ತು ಬಿದ್ದಿದ್ದವು, ಒಂದೂ ಉಳಿದಿರಲಿಲ್ಲ. ಬಂಬ ಆಗಷ್ಟೇ ಬಂದು ನಿಂತಿತ್ತು. ಅದರ ಚಾಲಕ ಕಾಂಬಳೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅಣ್ಣಪ್ಪನೇ ಅವನಿಗೆ ಮಜ್ಜಿಗೆಯ ತಂಬಿಗೆ ಕೊಟ್ಟ.

“ಕುಡಿಯೋ ಕಾಂಬಳೆ. ನಿಂದೇನ ತಪ್ಪಲ್ಲ. ಹೊಳಿ ನಿನ್ನ ಕೇಳಿ ಹರದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. “ಬರಕೋರಿ ಸಾಹೇಬ್ರ. ನಮ್ಮ ಕೋಡಿ ಯಾವ ತಾಲೂಕಿನಾಗ ಐತಿ ಅನ್ನೂದು ಬೆಂಕಿಗೆ ಗೊತ್ತಿಲ್ಲ. ಈ ದಂಡಿಗೆ ಒಂದ ಬಂಬ ಬೇಕು. ಮತ್ತೊಬ್ಬರ ಕೊಟ್ಟಿಗಿ ಹಿಂಗ ಆಗೂಕಿಂತ ಮೊದಲ ಬೇಕು.”

ದೇಸಾಯಿಯವರು ಹೇಳಿದ್ದು ನೆನಪಾಗಿ, ಬಂಬ ಬರುವ ಮೊದಲು ಏನು ಮಾಡಿದಿರಿ ಎಂದು ಕೇಳಿದೆ. ಆಗ ತಿಳಿದದ್ದು ಅವರ ಪದ್ಧತಿ. ಕೊಟ್ಟಿಗೆಯ ಬೆಂಕಿ ಪಕ್ಕದ ಕಬ್ಬಿಗೆ ಹಾರಿತ್ತು. ಅದು ಗಂಗವ್ವ ಎಂಬ ವಿಧವೆಯ ಹೊಲ. ಬೆಂಕಿಯ ಮುಂದೆ ಕಬ್ಬನ್ನು ಅಡ್ಡಲಾಗಿ ಕಡಿದು, ಗಾಡಿ ಹಾಯುವಷ್ಟು ಅಗಲದ ಬಯಲು ಮಾಡಿದರೆ ಬೆಂಕಿ ಅಲ್ಲಿಗೆ ನಿಲ್ಲುತ್ತದೆ. ಆದರೆ ಇನ್ನೊಬ್ಬರ ನಿಂತ ಬೆಳೆಗೆ ಕೈ ಹಾಕುವುದು ಹೇಗೆ? ಅದಕ್ಕೆಂದೇ ಆ ಕೋಡಿಗಳಲ್ಲಿ ಒಂದು ಕಟ್ಟಳೆ: ಬೆಂಕಿ ಯಾರ ಹೊಲದತ್ತ ಬರುತ್ತಿದೆಯೋ ಅವರೇ ಮೊದಲ ಕುಡಗೋಲು ಹಾಕಬೇಕು. ಅವರು ಹಾಕಿದ ಮೇಲೆ ಯಾರೂ ಯಾರನ್ನೂ ಕೇಳುವಂತಿಲ್ಲ, ಎಲ್ಲರೂ ಕಡಿಯಬೇಕು. ಅವರು ಹಾಕುವವರೆಗೆ ಯಾರೂ ಮುಟ್ಟುವಂತಿಲ್ಲ.

“ಹಾಕಿದ್ಯಾ ಆಯಿ?” ಎಂದು ಕೇಳಿದೆ ಗಂಗವ್ವನನ್ನು.

“ಹಾಕದ ಏನ ಮಾಡ್ಲಿ? ಕಬ್ಬ ಮುಂದಿನ ವರ್ಷ ಬರತೈತಿ. ಅದರಾಚೆ ನನ್ನ ಮೊಮ್ಮಕ್ಕಳ ಮನಿ ಐತಿ.” ಹೇಳುತ್ತಲೇ ಅಣ್ಣಪ್ಪನ ಕಡೆ ನೋಡಿ ಗದರಿದಳು. “ಅಣ್ಣ್ಯಾ, ಮಜ್ಜಿಗಿ ಮಂದಿಗೆಲ್ಲಾ ಕೊಟ್ಟಿ, ನೀ ಒಂದ ಗುಟುಕ ಕುಡಿ. ಮುಂಜಾನಿಂದ ಬಾಯಾಗ ನೀರ ಹಾಕಿಲ್ಲ ಸುಡಗಾಡ ಮಗ.”

ಅಂದಿನಿಂದ ಅಣ್ಣಪ್ಪ ಬಂಬದ ಬೆನ್ನು ಹತ್ತಿದ. ತಹಶೀಲ್ದಾರರ ಕಚೇರಿ, ಶಾಸಕರ ಮನೆ, ಬೆಳಗಾವಿಯ ಕಚೇರಿಗಳು, ಹಾಲಿನ ಡೇರಿಯ ಸಭೆ, ಎಲ್ಲ ಕಡೆ ಒಂದೇ ಮಾತು. ಮತ್ತೆ ಎಮ್ಮೆ ಕಟ್ಟಿದ, ಹಾಲು ಹಾಕಿದ, ಹಾಲು ಹಾಕಿ ಬಂದವನೇ ಬಸ್ಸು ಹತ್ತಿದ. ಚಿಕ್ಕೋಡಿಯಲ್ಲಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. “ಏನರೆ ಸುದ್ದಿ?” ಎಂದು ನಾನು ಕೇಳಬೇಕಾದ್ದನ್ನು ಅವನೇ ಕೇಳುತ್ತಿದ್ದ. ಚಹಾದ ಅಂಗಡಿಯವರು ಅವನಿಗೆ ‘ಬಂಬಪ್ಪ’ ಎಂದು ಹೆಸರಿಟ್ಟರು. ಅವನು ಅದಕ್ಕೆ ಸಿಟ್ಟಾಗಲಿಲ್ಲ. “ಕರೀರಿ, ಕರೀರಿ. ನಿಮ್ಮ ಮನೀಗೆ ಬೆಂಕಿ ಬಿದ್ದ ದಿನಾ ಇದ ಹೆಸರಲೆ ಕರೀತೀರಿ.”

ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಕೊನೆಗೂ ಠಾಣೆಗಳ ವ್ಯಾಪ್ತಿಯನ್ನು ಹೊಸದಾಗಿ ಹಂಚಲು ಇಲಾಖೆ ಮನಸ್ಸು ಮಾಡಿತು. ಚಿಕ್ಕೋಡಿಯ ಪ್ರವಾಸಿ ಮಂದಿರದಲ್ಲಿ ಅಹವಾಲು ಕೇಳಲು ಬಂದವರು ರಾಮಸ್ವಾಮಿ ಎಂಬ ಅಧಿಕಾರಿ, ಹಳೇ ಮೈಸೂರಿನ ಕಡೆಯವರು. ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಗೋಡೆಗೆ ನಕಾಶೆ ತೂಗುಹಾಕಿ, ಪ್ರತಿ ಠಾಣೆಯ ಸುತ್ತ ಕೈವಾರದಿಂದ ಒಂದು ವೃತ್ತ ಎಳೆದಿದ್ದರು. ಐದೂ ಕಡೆಯ ಮುಖಂಡರು ಬಂದಿದ್ದರು. ಬೆಂಕಿಯ ಮಾತು ಬೇಗ ಮುಗಿದು ಪ್ರತಿಷ್ಠೆಯ ಮಾತು ಶುರುವಾಯಿತು. ಐಗಳಿಯ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ತಮ್ಮ ಕಡೆಗೂ ಬಂಬ ಬೇಕೆಂದರು. ನಿಮ್ಮಲ್ಲಿ ಬೆಂಕಿ ಅನಾಹುತ ಎಷ್ಟಾಗಿದೆ ಎಂದು ರಾಮಸ್ವಾಮಿ ಕೇಳಿದರು.

“ನೀವು ಮೊದಲ ಬಂಬ ಕೊಡ್ರಿ ಸಾಹೇಬ್ರ. ಬೆಂಕಿ ಹತ್ತೂದನ್ನ ನಾವ ನೋಡ್ಕೋತೇವಿ.”

ಸಭೆಯೆಲ್ಲ ನಕ್ಕಿತು. ರಾಮಸ್ವಾಮಿಯವರೂ ಕನ್ನಡಕ ತೆಗೆದು ನಕ್ಕರು. ಆಗ ಹಿಂದಿನ ಸಾಲಿನಿಂದ ಅಣ್ಣಪ್ಪ ಎದ್ದ. “ಸಾಹೇಬ್ರ, ನಿಮ್ಮ ಕೈವಾರಕ್ಕ ಈಜಾಕ ಬರತೈತಿ. ಹೊಳಿ ದಾಟಿ ದುಂಡಗ ಬಂದೈತಿ. ಬಂಬಕ್ಕ ಈಜಾಕ ಬರೂದಿಲ್ರಿ.”

“ಅದಕ್ಕೇ ಅಲ್ವೇನ್ರೀ ನಿಮ್ಮನ್ನೆಲ್ಲ ಕರೆಸಿರೋದು?” ಎಂದರು ರಾಮಸ್ವಾಮಿ. “ಬನ್ನಿ, ನಿಮ್ಮ ರಸ್ತೆ ಎಲ್ಲಿದೆ ತೋರಿಸಿ.”

ಅಣ್ಣಪ್ಪ ನಕಾಶೆಯ ಮುಂದೆ ನಿಂತು ದಾರಿ ತೋರಿಸಿದ. ಆ ಮಧ್ಯಾಹ್ನ ನಡೆದ ಸಭೆಯ ವರದಿ ಎರಡು ಕಾಲಂ ಬಂತು. ಹೊಸ ಹಂಚಿಕೆಯಲ್ಲಿ ತಾಲೂಕಿನ ಗೆರೆ ಬಿಟ್ಟು ರಸ್ತೆಯ ಲೆಕ್ಕ ಹಿಡಿದರು. ಹತ್ತಿರದ ಬಂಬ ಮೊದಲು ಹೋಗಬೇಕು. ಅದು ಬೇರೆ ಕಡೆ ಹೋಗಿದ್ದರೆ ಪಕ್ಕದ ಠಾಣೆಯದು ಅಪ್ಪಣೆ ಕಾಯದೆ ಹೊರಡಬೇಕು. ಕಬ್ಬಿನ ಹಂಗಾಮಿನಲ್ಲಿ ಉಸುಕಿನಕೋಡಿ ಇದ್ದ ದಂಡೆಗೆ, ರಸ್ತೆ ಕೂಡುವಲ್ಲಿ ಒಂದು ತಗಡಿನ ಚಪ್ಪರ ಹಾಕಿ, ಒಂದು ಬಂಬ ನಿಲ್ಲಿಸಬೇಕು. ನನ್ನ ಅನುಭವದಲ್ಲಿ ಸರಕಾರ ಮಾಡಿದ ಬುದ್ಧಿವಂತ ಕೆಲಸಗಳಲ್ಲಿ ಇದೂ ಒಂದು. ಇಂದಿಗೂ ಹಾಗೆಯೇ ಹೇಳುತ್ತೇನೆ.

ಬಂಬ ಬಂದ ದಿನ ಉಸುಕಿನಕೋಡಿಯ ಹೆಂಗಸರು ಅದರ ಮೂತಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಓಡಿಸಿಕೊಂಡು ಬಂದವನು ಅದೇ ಕಾಂಬಳೆ. ಅಣ್ಣಪ್ಪ ಅವನ ಪಕ್ಕದಲ್ಲಿ ಕೂತು, ಮದುಮಗನಂತೆ ಕೈಮುಗಿಯುತ್ತ ಬಂದ. ಇಳಿದವನೇ ಸೇರಿದ್ದವರಿಗೆ ಹೇಳಿದ: “ಇನ್ನ ಕುಡಗೋಲ ಮನ್ಯಾಗ ಇಡ್ರಿ. ಡೇರಿಯಾಗ ಫೋನ್ ಐತಿ. ಬೆಂಕಿ ಕಂಡ್ರ ಫೋನ್ ಮಾಡ್ರಿ, ದಾರಿ ಬಿಡ್ರಿ.” ನಾನು ಆ ಮಾತನ್ನು ಅವನ ಹೆಸರಿನೊಂದಿಗೆ ಬರೆದೆ. ಅದೇ ತಲೆಬರಹವಾಯಿತು.

ಒಂದು ಹಂಗಾಮು ಕಳೆಯಿತು, ಇನ್ನೊಂದು ಕಳೆಯಿತು. ಬೆಂಕಿಗಳು ಬಿದ್ದವು, ಫೋನ್ ಹೋಯಿತು, ಬಂಬ ಬಂತು, ಆರಿಸಿತು. ಯಾರೂ ಯಾರ ಕಬ್ಬನ್ನೂ ಅಡ್ಡ ಕಡಿಯಬೇಕಾಗಲಿಲ್ಲ. ಮಂದಿ ರಸ್ತೆಯ ಎರಡೂ ಬದಿಗೆ ನಿಂತು ಬಂಬಕ್ಕೆ ದಾರಿ ತೋರಿಸುವುದನ್ನು ಕಲಿತರು. ನಮ್ಮ ಕಡೆಯೂ ಬದಲಾವಣೆ ಬಂತು. ಚಿಕ್ಕೋಡಿಯ ಎಸ್‌ಟಿಡಿ ಅಂಗಡಿಯಲ್ಲಿ ಫ್ಯಾಕ್ಸ್ ಯಂತ್ರ ಕೂತಿತು, ಕಂಡಕ್ಟರನ ಹಂಗು ತಪ್ಪಿತು. ಬೆಂಕಿಯ ಸುದ್ದಿ ಮತ್ತೆ ನಾಲ್ಕು ಸಾಲಿಗೆ ಇಳಿಯಿತು. ಒಳ್ಳೆಯ ವ್ಯವಸ್ಥೆಗೆ ಸುದ್ದಿಯಲ್ಲಿ ಜಾಗ ಕಡಿಮೆ.

ಮುಂದಿನ ಹಂಗಾಮು ಮುಗಿಯುತ್ತ ಬಂದಿದ್ದಾಗ, ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಉಸುಕಿನಕೋಡಿಯಲ್ಲಿ ಬೆಂಕಿ ಹತ್ತಿತು. ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಹೋದೆ. ಗಂಗವ್ವ, ಡೇರಿಯ ಕಾರ್ಯದರ್ಶಿ, ಕಬ್ಬು ಕಡಿಯುವ ಭಾನುದಾಸ, ಈ ಮೂವರನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿದೆ. ಮೂವರೂ ಹೇಳಿದ್ದು ಒಂದೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರೋ ಸುಡುತ್ತಿದ್ದ ರವದಿಯ ಕಿಡಿ ಗಾಳಿಗೆ ಹಾರಿ ಗಂಗವ್ವನ ಕಬ್ಬಿಗೆ ಬಿತ್ತು. ಹೊಗೆ ಕಂಡವರು ರವದಿಯದೇ ಇರಬೇಕೆಂದು ಮೊದಲು ಸುಮ್ಮನಿದ್ದರು. ಬೆಂಕಿಯೆಂದು ತಿಳಿದ ಕೂಡಲೇ ಡೇರಿಯಿಂದ ಫೋನ್ ಹೋಯಿತು. ಚಪ್ಪರದ ಬಂಬ ಗಡಿಯ ಹತ್ತಿರ ಬೆಲ್ಲದ ಗಾಣವೊಂದಕ್ಕೆ ಬೆಂಕಿ ಬಿದ್ದು ಅಲ್ಲಿಗೆ ಹೋಗಿತ್ತು. ‘ಎರಡನೇ ಬಂಬ ಹೊರಟಿದೆ’ ಎಂದು ಉತ್ತರ ಬಂತು. ಹೊರಟದ್ದೂ ನಿಜ.

ಗಂಗವ್ವನ ಹೊಲದ ಮುಂದಿನದು ಅಣ್ಣಪ್ಪನ ಹೊಲ. ಅದರ ಆಚೆ, ಹೊಳೆಯ ಉಸುಕಿನ ಮೇಲೆ, ಕಬ್ಬು ಕಡಿಯಲು ಮರಾಠವಾಡದ ಕಡೆಯಿಂದ ಬಂದ ಟೋಳಿಯವರ ಗುಡಿಸಲುಗಳು. ಕಬ್ಬಿನ ಗರಿಯಿಂದಲೇ ಕಟ್ಟಿದವು. ಗಂಡಸರು ಹೆಂಗಸರು ಬೇರೆ ಹೊಲದಲ್ಲಿ ಕಡಿಯುತ್ತಿದ್ದರು, ಎತ್ತುಗಳನ್ನು ಮಾತ್ರ ಗುಡಿಸಲ ಬಳಿ ಕಟ್ಟಿದ್ದರು. ಕೋಡಿಯ ಮಂದಿ ಅಣ್ಣಪ್ಪನ ಬದುವಿಗೆ ಬಂದು ಸೇರಿದರು. ಮೊದಲ ಕುಡಗೋಲು ಅವನದು. ಅದು ಅವನ ಕೈಯಲ್ಲೇ ಇತ್ತು.

“ಅಣ್ಣ್ಯಾ, ಹಾಕೋ!” ಎಂದು ಗಂಗವ್ವ ಕೂಗಿದಳು.

“ತಡಿ ಆಯಿ, ಬಂಬ ಹೊಂಟೈತಿ.”

“ಹೊಂಟಿದ್ದು ಬರಲಿ, ಬ್ಯಾಡ ಅಂದವ್ರ ಯಾರು? ನೀ ಹಾಕೋ!”

ಭಾನುದಾಸ ಆ ಕಡೆಯ ಹೊಲದಿಂದ ಕೊಯ್ತಾ ಎಂಬ ಕಬ್ಬಿನ ಕತ್ತಿ ಹಿಡಿದೇ ಓಡಿ ಬಂದಿದ್ದ. ಅವನ ಹಿಂದೆ ಅವನ ಹೆಂಡತಿ ಸುಂದರಾಬಾಯಿ. “ಮಾಲಕ, ಕಾಪೂ ಕಾ?” ಎಂದು ಅವನು ಕೇಳಿದ. ಕಡಿಯಲೇ ಎಂದು. ವರ್ಷದ ಆರು ತಿಂಗಳು ಕಡಿಯುವುದೇ ಕೆಲಸವಾದ ಆ ಟೋಳಿಯ ಕೈಗಳು ಸೇರಿದ್ದರೆ ಆ ಹೊಲದಲ್ಲಿ ಬೆಂಕಿಗೆ ಅಡ್ಡ ಬಯಲು ಮಾಡುವುದು ಎಷ್ಟರ ಮಾತು. ಅಣ್ಣಪ್ಪ ರಸ್ತೆಯ ಕಡೆ ನೋಡುತ್ತ ಹೇಳಿದ್ದು: “ಥಾಂಬ. ಬಂಬ ಯೇತೋಯ.” ತಡಿ, ಬಂಬ ಬರುತ್ತಿದೆ.

ಅವನು ನಿಂತ. ಅವನು ನಿಂತದ್ದರಿಂದ ಎಲ್ಲರೂ ನಿಂತರು.

ಸುಂದರಾಬಾಯಿ ನಿಲ್ಲಲಿಲ್ಲ. ಎತ್ತು ಬಿಚ್ಚಿ ಬರುತ್ತೇನೆಂದು ಹೊಳೆಯ ಕಡೆಯಿಂದ ಸುತ್ತಿಕೊಂಡು ಗುಡಿಸಲುಗಳತ್ತ ಹೋದಳು. ಗಾಳಿ ತಿರುಗಿತು. ಬೆಂಕಿ ಅಣ್ಣಪ್ಪನ ಹೊಲವನ್ನು ದಾಟಿದ್ದನ್ನು ನೋಡಿದವರು, ಅದು ಓಡಿತು ಎನ್ನುವುದಿಲ್ಲ, ಬಿತ್ತು ಎನ್ನುತ್ತಾರೆ. ಅವಳು ಹಗ್ಗಗಳನ್ನೆಲ್ಲ ಕೊಯ್ದಿದ್ದಳು. ಎತ್ತುಗಳು ಹೊಳೆಗೆ ಹೋಗಿ ಎದೆಮಟ್ಟ ನೀರಿನಲ್ಲಿ ನಿಂತಿದ್ದವು. ಅವಳು ಕೊನೆಯ ಗೂಟದ ಹತ್ತಿರ ಸಿಕ್ಕಳು.

ಎರಡನೇ ಬಂಬ ಬಂದು ಉಳಿದ ಬೆಂಕಿಯನ್ನು ಆರಿಸಿತು. ಹಳೆಯ ಹಂಚಿಕೆಯಲ್ಲಾಗಿದ್ದರೆ ಅಷ್ಟು ಬೇಗ ಯಾವ ಬಂಬವೂ ಆ ದಂಡೆಗೆ ಬರುತ್ತಿರಲಿಲ್ಲ. ಗಾಣದ ಬೆಂಕಿ ಮುಗಿಸಿ ಕಾಂಬಳೆಯ ಬಂಬವೂ ಬಂತು. ಇಳಿದು, ಗುಡಿಸಲುಗಳಿದ್ದ ಜಾಗಕ್ಕೆ ನಡೆದು ಹೋಗಿ, ತಿರುಗಿ ಬಂದು ಬಂಬದ ಮೆಟ್ಟಿಲ ಮೇಲೆ ಕೂತ. ನಾನು ಹೋದಾಗಲೂ ಅಲ್ಲೇ ಕೂತಿದ್ದ.

ಪೊಲೀಸರು ಪಂಚನಾಮೆ ಬರೆಯುವಾಗ ಭಾನುದಾಸ ಹೇಳಿದ್ದು ಒಂದೇ ಮಾತು: ಅವಳು ಎತ್ತು ಬಿಚ್ಚಲು ಹೋದಳು. ಮಾಲಕ ತಡೆದರೆಂದು ಹೇಳಲಿಲ್ಲ. ನನಗೂ ಅದನ್ನು ಹೇಳಿದ್ದು ನಾನು ಎರಡನೇ ಸಲ ಕೇಳಿದಾಗ. ಹೇಳಿ, ತನ್ನ ಕೊಯ್ತಾವನ್ನು ನೆಲದ ಮೇಲಿಟ್ಟು ಅದನ್ನೇ ನೋಡುತ್ತಿದ್ದ.

ಆ ರಾತ್ರಿಯ ಪುಟಕ್ಕೆ ದೇಸಾಯಿಯವರಿಗೆ ಫೋನಿನಲ್ಲೇ ಸುದ್ದಿ ಓದಿದೆ. ಅವರು ನಿವೃತ್ತಿಯ ಅಂಚಿನಲ್ಲಿದ್ದರು. ಕೇಳಿದ್ದು ತಾವು ಯಾವಾಗಲೂ ಕೇಳುತ್ತಿದ್ದುದನ್ನೇ.

“ಬಂಬ ತಡಾ ಆತೇನ?”

“ಇಲ್ರಿ.”

“ಬರೂಕಿಂತ ಮೊದಲ ಮಂದಿ ಏನ ಮಾಡಿದ್ರು?”

“ನಿಂತಿದ್ರು ಸರ್.”

ಆ ಕಡೆ ಎಲೆ ಅಡಿಕೆ ಉಗುಳಿದ ಸದ್ದು ಕೇಳಿತು. ಆಮೇಲೆ ಹೇಳಿದರು. “ಮೊದಲ ಕಡೀತಿದ್ರು, ಈ ಸಲ ಕಡೀಲಿಲ್ಲ. ಅಷ್ಟ ಬರಿ. ಯಾಕ ಅಂತ ಬರೀಬ್ಯಾಡ. ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾರ ಹೆಸರೂ ಬ್ಯಾಡ.”

ಹಾಗೆಯೇ ಬಂತು. ಮೃತಳ ಹೆಸರು ಬಿಟ್ಟರೆ ಯಾರ ಹೆಸರೂ ಇರಲಿಲ್ಲ. ಕೋಡಿಯಲ್ಲಿ ಮಾತ್ರ ಹೆಸರಿಗೆ ಬರವಿರಲಿಲ್ಲ. ನಿಂತ ಕಬ್ಬಿನ ಆಸೆಗೆ ಹೆಣ್ಣೊಬ್ಬಳನ್ನು ಕೊಂದ ಎಂದರು. ಗಂಗವ್ವ ಹಾಗೆ ಹೇಳಲಿಲ್ಲ, ಆದರೆ ಅವನ ಮನೆಯ ಕಡೆ ಹೋಗುವುದನ್ನು ಬಿಟ್ಟಳು.

ಸ್ಥಳಕ್ಕೆ ಬಂದಿದ್ದ ರಾಮಸ್ವಾಮಿಯವರು ಹೋಗುವಾಗ ಚಿಕ್ಕೋಡಿಯಲ್ಲಿ ನನ್ನನ್ನು ಕಂಡರು. “ನಮ್ಮ ಗಾಡಿ ತಡ ಮಾಡಲಿಲ್ಲ ಅಂತ ಬರೆದಿದ್ದೀರಿ. ನಿಜ. ಎರಡು ಸಲ ಓದಿದೆ. ಓದಿ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.” ಅದಾದ ಮೇಲೆ ಅವರ ಸಿಬ್ಬಂದಿ ಹಳ್ಳಿಗಳಲ್ಲಿ ತಿಳಿವಳಿಕೆ ಹೇಳುವಾಗ ಒಂದು ಮಾತು ಸೇರಿಸತೊಡಗಿದರು: ಫೋನ್ ಮಾಡಿ, ಆಮೇಲೆ ನೀವು ಮೊದಲು ಏನು ಮಾಡುತ್ತಿದ್ದಿರೋ ಅದನ್ನು ಮಾಡಿ, ನಾವು ಬರುತ್ತೇವೆ. ಕೆಲವು ಊರುಗಳಲ್ಲಿ ಅಷ್ಟರೊಳಗೆ ಏನು ಮಾಡುತ್ತಿದ್ದೆವೆಂಬುದನ್ನೇ ಮಂದಿ ಮರೆತಿದ್ದರು.

ಕೆಲವು ದಿನ ಕಳೆದು ಅಣ್ಣಪ್ಪ ಬಂದ. ಬಾಗಿಲಲ್ಲಿ ನಿಂತ, ಒಳಗೆ ಬಾ ಎಂದರೂ ಬರಲಿಲ್ಲ.

“ಬಂಬ ತಂದಾಗ ನನ್ನ ಹೆಸರ ಹಾಕಿದ್ರಿ.”

“ಹಾಕಿದ್ದೆ.”

“ಕುಡಗೋಲ ಮನ್ಯಾಗ ಇಡ್ರಿ ಅಂದದ್ದನ್ನೂ ಹಾಕಿದ್ರಿ. ದೊಡ್ಡ ಅಕ್ಷರದಾಗ. ಈ ಸಲ ಯಾಕ ಹಾಕಲಿಲ್ಲ?”

ಪತ್ರಿಕೆಯ ರೀತಿ ಹೇಳಿದೆ. ಪೊಲೀಸರ ದಾಖಲೆಯಲ್ಲಿ ಇಲ್ಲದ್ದನ್ನು ಹೆಸರಿಟ್ಟು ಬರೆಯುವುದಿಲ್ಲ ಎಂದೆ. ಅವನು ತಲೆ ಅಲ್ಲಾಡಿಸಿದ.

“ಮಂದಿ ಕಬ್ಬಿನ ಆಸೆ ಅಂತಾರ. ಕಬ್ಬಿನ ಆಸೆ ಅಲ್ರಿ ಸಾಹೇಬ್ರ. ಕಬ್ಬ ಏನ ಮಹಾ. ಅಷ್ಟ ವರ್ಷ ತಿರಗಿ ತಿರಗಿ ಬಂಬ ತಂದಾಂವ ನಾನ. ನಾನ ಮೊದಲ ಕುಡಗೋಲ ಹಾಕಿದ್ರ, ಬಂಬ ಬರೂದಿಲ್ಲ ಅಂತ ನಾನ ಒಪ್ಪಿದಂಗ ಆಗತಿತ್ತು. ಅದಕ್ಕ ಕೈ ಏಳಲಿಲ್ಲ. ಇದನ್ನ ಬರೀರಿ.”

ಬರೆಯಲಿಲ್ಲ. ಸುದ್ದಿಯ ದಿನ ಮುಗಿದಿತ್ತು. ಬರೆಯಲು ಬೇರೆ ನೆಪವೂ ಇರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಿವೃತ್ತಿಗೆ ಮುಂಚಿನ ವರ್ಷ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಶಿರಗುಪ್ಪಿಗೆ ಬೇರೆ ಕೆಲಸಕ್ಕೆ ಹೋದವನು ಉಸುಕಿನಕೋಡಿಗೂ ಹೋದೆ. ಹಂಗಾಮು ಶುರುವಾಗಿತ್ತು, ತಗಡಿನ ಚಪ್ಪರದಲ್ಲಿ ಬಂಬ ನಿಂತಿತ್ತು. ಅಣ್ಣಪ್ಪನ ಹೊಲದಲ್ಲಿ ಕಬ್ಬು ಆಳೆತ್ತರ ಬೆಳೆದಿತ್ತು. ಆದರೆ ಹೊಳೆಯ ಕಡೆಯ ಅಂಚಿನಲ್ಲಿ, ಎರಡು ಗಾಡಿ ಸಾಲಾಗಿ ಹಾಯುವಷ್ಟು ಅಗಲಕ್ಕೆ, ಈ ತುದಿಯಿಂದ ಆ ತುದಿಯವರೆಗೆ ನೆಲ ಬರಿದಾಗಿತ್ತು. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅವನು ಅಲ್ಲಿ ಕೂತು ಸಲಿಕೆಯ ಮೊನೆಯಿಂದ ಕಸ ಕೆತ್ತುತ್ತಿದ್ದ. ಮುಪ್ಪು ಬಂದಿತ್ತು.

ಆ ಬಯಲಿನ ಆಚೆ ಉಸುಕು. ಉಸುಕಿನ ಮೇಲೆ ಏನೂ ಇರಲಿಲ್ಲ. ಆ ಘಟನೆಯ ನಂತರ ಯಾವ ಟೋಳಿಯೂ ಅಲ್ಲಿ ಗುಡಿಸಲು ಹಾಕಿಲ್ಲ, ಎಲ್ಲರೂ ರಸ್ತೆ ಬದಿಯ ಬಯಲಿಗೆ ಹೋಗುತ್ತಾರೆ ಎಂದು ಡೇರಿಯಲ್ಲಿ ಕೇಳಿದ್ದೆ.

“ಯಾರ ಸಲುವಾಗಿ ಇದು ಅಣ್ಣಪ್ಪ?” ಎಂದೆ. “ಇಲ್ಲಿ ಈಗ ಯಾರೂ ಇಳಿಯೂದಿಲ್ಲಂತಲ್ಲ.”

ಅವನು ಸಲಿಕೆ ನಿಲ್ಲಿಸಲಿಲ್ಲ.

“ನಾಳೆ ಬಂದ್ರ?” ಎಂದ.